ಸೌತ್ ಫ್ಲೋರಿಡಾಗೆ ಹೊಸದಾಗಿ ಬಂದೋರಿಗೆ: ಹಿತ್ತಲಲ್ಲಿ ಏನು, ಯಾವಾಗ ಹಾಕ್ಬೇಕು

ಮಯಾಮಿ, ಫೋರ್ಟ್ ಲಾಡರ್‌ಡೇಲ್ ಕಡೆ ಹೊಸದಾಗಿ ಬಂದು ಹಿತ್ತಲಲ್ಲಿ ನಾಲ್ಕು ಗಿಡ ಹಾಕೋಣ ಅನ್ಕೊಂಡಿರೋರು ಮೊದ್ಲು ಕಾಲ ನೋಡ್ಕೊಳ್ಳಿ. ಉತ್ತರದ ಸ್ಟೇಟ್‌ಗಳಲ್ಲಿರೋ ಫ್ರೆಂಡ್ಸ್ ಮೇ ತಿಂಗಳಲ್ಲಿ ಟೊಮೆಟೊ ಸಸಿ ನೆಡ್ತಾರೆ, ಅದನ್ನ ನೋಡಿ ನೀವೂ ನೆಟ್ರೆ ಗಿಡವೇನೋ ಸೊಂಪಾಗಿ ಬೆಳೆಯುತ್ತೆ, ಹೂನೂ ಬಿಡುತ್ತೆ, ಕಾಯಿ ಮಾತ್ರ ಕಚ್ಚಲ್ಲ, ಯಾಕಂದ್ರೆ ರಾತ್ರಿ ಸೆಕೆ 75 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳೀದಿದ್ರೆ ದೊಡ್ಡ ಟೊಮೆಟೊ ಜಾತಿಗಳ ಹೂವು ಉದುರಿಹೋಗುತ್ತೆ. ಇಲ್ಲಿ ಟೊಮೆಟೊ, ಬೀನ್ಸ್, ಕೋಸು, ಕ್ಯಾರೆಟ್, ಕೊತ್ತಂಬರಿ ಎಲ್ಲಾ ಅಕ್ಟೋಬರ್ ಹೊತ್ತಿಗೆ ಹಾಕಿ ಏಪ್ರಿಲ್ ಒಳಗೆ ಕೊಯ್ದು ಮುಗಿಸ್ಬೇಕು.

ಹಾಗಂತ ಇಲ್ಲಿ ಬೇಸಿಗೆಯಲ್ಲೇ ಬರೋ ಮಳೆಗಾಲದಲ್ಲಿ ಮಡಿ ಖಾಲಿ ಬಿಡ್ಬೇಡಿ. ಬೆಂಡೆ, ಅಲಸಂದೆ, ಬಸಳೆ, ಗೆಣಸು, ನಮ್ಮೋರಿಗೆ ಬೇಕಾದ್ದೆಲ್ಲ ಆ ಸೆಕೆಗೇ ಚೆನ್ನಾಗಿ ಬರುತ್ತೆ. ನೀರು ಬೆಳಗ್ಗೆ ಹೊತ್ತು ಬುಡಕ್ಕೆ ಹಾಕಿ, ಸಂಜೆ ಎಲೆ ನೆನೆಸಿದ್ರೆ ರಾತ್ರಿಯೆಲ್ಲ ಒಣಗದೆ ಬೂಷ್ಟು ಹಿಡಿಯುತ್ತೆ.

ನಿಜವಾದ ಕಷ್ಟ ಮಣ್ಣಿಂದು. ಮರಳು ಜಾಸ್ತಿ, ಅದ್ರಲ್ಲಿ ಕಣ್ಣಿಗೆ ಕಾಣದ ನೆಮಟೋಡ್ ಹುಳ ಇರುತ್ತೆ. ಬೆಂಡೆಗಿಡ ನೀರು ಹಾಕಿದ್ರೂ ಮಧ್ಯಾಹ್ನ ಬಾಡ್ತಾ ಇದ್ರೆ ಒಂದನ್ನ ಕಿತ್ತು ಬೇರು ತೊಳೆದು ನೋಡಿ, ಉದ್ದಕ್ಕೂ ಗಂಟುಗಂಟಾಗಿ ಊದ್ಕೊಂಡಿದ್ರೆ ಅದೇ. ಅಲಸಂದೆ ಬೇರಲ್ಲೂ ಸಣ್ಣ ಉಂಡೆಗಳು ಇರ್ತವೆ, ಅದಕ್ಕೆ ಗಾಬರಿ ಬೇಡ, ಉಗುರಲ್ಲಿ ಕೆರೆದ್ರೆ ಸುಲಭವಾಗಿ ಉದುರಿದ್ರೆ ಅದು ಒಳ್ಳೇದು, ಗಾಳಿಯ ನೈಟ್ರೋಜನ್ ಹಿಡಿಯೋ ಗಂಟು. ಹುಳದ ಗಂಟು ಬೇರಿನ ಭಾಗವೇ ಆಗಿರುತ್ತೆ, ಬಿಡಿಸಕ್ಕೆ ಬರಲ್ಲ. ಆ ಜಾಗಕ್ಕೆ ಕಾಂಪೋಸ್ಟ್ ಧಾರಾಳವಾಗಿ ಹಾಕಿ, ಬೇಸಿಗೆಯಲ್ಲಿ ಮಣ್ಣು ಒದ್ದೆ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಒಂದೂವರೆ ತಿಂಗಳು ಬಿಡಿ, ಹುಳ ಕಮ್ಮಿಯಾಗುತ್ತೆ. ಅಷ್ಟು ಪುರುಸೊತ್ತಿಲ್ದೋರು ಗ್ರೋ ಬ್ಯಾಗ್‌ನಲ್ಲಿ ಹೊಸ ಮಣ್ಣು ತುಂಬ್ಸಿ ಬೆಳೆಯೋದೇ ವಾಸಿ ಅಂತ ನಾನು ಹೇಳ್ತೀನಿ. ಮಯಾಮಿ ಕಡೆ ಕೆಳಗೆ ಸುಣ್ಣಕಲ್ಲು ಇರೋದ್ರಿಂದ ಹೊಸ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿರೋದೂ ಉಂಟು, ಅದು ಕಬ್ಬಿಣದ ಕೊರತೆ.

ಮನೆ ಮುಂದೆ ತರಕಾರಿ ಹಾಕಕ್ಕೆ ಊರಿನ ಆಡಳಿತ ಅಡ್ಡ ಬರೋ ಹಾಗಿಲ್ಲ, 2019ರಲ್ಲೇ ರಾಜ್ಯ ಕಾನೂನು ಮಾಡಿದೆ, ಆದ್ರೆ ಎಚ್‌ಒಎಗೆ, ಅಂದ್ರೆ ನಿಮ್ಮ ಬಡಾವಣೆಯ ಮನೆ ಮಾಲೀಕರ ಸಂಘಕ್ಕೆ, ಅದು ಅನ್ವಯಿಸಲ್ಲ, ಅವರ ರೂಲ್ಸ್ ಓದ್ಕೊಂಡೇ ಗುದ್ದಲಿ ಹಿಡೀರಿ.

ಕೊನೇದಾಗಿ ಕರಿಬೇವು. ದಯವಿಟ್ಟು ಇಂಡಿಯಾದಿಂದ ಗಿಡ, ಹಸಿ ಸೊಪ್ಪು ಏನೂ ತರ್ಬೇಡಿ, ಕಿತ್ತಳೆ ನಿಂಬೆ ಗಿಡಗಳಿಗೆ ಗ್ರೀನಿಂಗ್ ರೋಗ ಹರಡೋ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತೆ. ಆ ರೋಗ 2005ರಲ್ಲಿ ಫ್ಲೋರಿಡಾದಲ್ಲಿ ಕಾಣಿಸ್ಕೊಂಡು ಇಲ್ಲಿನ ಕಿತ್ತಳೆ ತೋಟಗಳನ್ನೇ ಹಾಳು ಮಾಡಿದೆ. ಇಲ್ಲಿನ ನರ್ಸರಿಯಲ್ಲೇ ಕೊಳ್ಳಿ, ಮುಂದೆ ಬೇರೆ ಸ್ಟೇಟ್‌ಗೆ ಮನೆ ಬದಲಾಯಿಸಿದ್ರೂ ಆ ಗಿಡನ ಸುಮ್ನೆ ಕಾರಲ್ಲಿಟ್ಕೊಂಡು ಹೋಗೋ ಹಾಗಿಲ್ಲ.