ಸುಟ್ಟ ಗಾಯಕ್ಕೆ ಮುಲಾಮು: ಚರ್ಮಕ್ಕಲ್ಲ, ಪಟ್ಟಿಗೆ ಸವರಿ

ಸಣ್ಣ ಸುಟ್ಟ ಗಾಯಕ್ಕೆ ಮುಲಾಮನ್ನು ಬೆರಳಿನಿಂದ ಉಜ್ಜಬೇಡಿ. ಗಾಯಕ್ಕೆ ಅಂಟದ ಗಾಜ್ (ಜಾಳು ಬಟ್ಟೆಯ) ಪಟ್ಟಿಯ ಮೇಲೆ ತೆಳುವಾಗಿ ಸವರಿ, ಆ ಪಟ್ಟಿಯನ್ನೇ ಗಾಯದ ಮೇಲೆ ಮೆಲ್ಲಗೆ ಇಡಿ. ಬೆರಳು ತಾಗುವುದಿಲ್ಲವಾದ್ದರಿಂದ ನೋವು ಕಡಿಮೆ, ಟ್ಯೂಬಿನ ಬಾಯಿಯೂ ಗಲೀಜಾಗುವುದಿಲ್ಲ. ಗಾಯ ಒಣಗದೆ ತೇವವಾಗಿದ್ದರೆ ಹೊಸ ಚರ್ಮ ಬೇಗ ಬೆಳೆಯುತ್ತದೆ, ಪಟ್ಟಿ ಬದಲಿಸುವಾಗ ಕಿತ್ತುಕೊಂಡೂ ಬರುವುದಿಲ್ಲ. ಇದಕ್ಕೆ ಸಾದಾ ಪೆಟ್ರೋಲಿಯಂ ಜೆಲ್ಲಿ ಸಾಕು. ದಪ್ಪಗೆ ಮೆತ್ತಿದರೆ ಜಾಸ್ತಿ ಲಾಭವೇನಿಲ್ಲ, ಸುತ್ತಲಿನ ಚರ್ಮ ನೆನೆದು ಬೆಳ್ಳಗಾಗುತ್ತದೆ ಅಷ್ಟೇ. ಆದರೆ ಇದೆಲ್ಲ ಆಮೇಲಿನ ಕೆಲಸ. ಸುಟ್ಟ ಕೂಡಲೇ ಮಾಡಬೇಕಾದ್ದು ಒಂದೇ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು. ಬಿಸಿ ಆರುವ ಮೊದಲೇ ಮುಲಾಮು ಹಚ್ಚಿದರೆ ಶಾಖ ಒಳಗೇ ಉಳಿಯುತ್ತದೆ. ಐಸ್ ಬೇಡ. ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ, ಅದನ್ನು ಯಾರು ಶುರು ಮಾಡಿದರೋ! ಇನ್ನು ಸೋಂಕು ತಡೆಯುವ ಸಿಲ್ವರ್ ಸಲ್ಫಾಡಯಾಜಿನ್ ಕ್ರೀಮ್ ಮನೆಯಲ್ಲಿದೆ ಅಂತ ಸುಮ್ನೆ ಹಚ್ಚಬೇಡಿ. ಸಲ್ಫಾ ಬಗೆಯ ಔಷಧಿಗಳ ಅಲರ್ಜಿ ಇದ್ದವರಿಗೆ, ತುಂಬು ಗರ್ಭಿಣಿಯರಿಗೆ, 2 ತಿಂಗಳೊಳಗಿನ ಮಕ್ಕಳಿಗೆ ಅದು ಸಲ್ಲದು. ಬರೀ ಉರಿ, ತುರಿಕೆ, ಉಜ್ಜಿ ಕೆಂಪಾದ ಚರ್ಮಕ್ಕೆ ಪಟ್ಟಿಯ ಗೋಜೇ ಬೇಡ, ಚರ್ಮಕ್ಕೆ ತೇವ ಕೊಡುವ ಡೆಕ್ಸ್‌ಪ್ಯಾಂಥೆನಾಲ್ ಇರುವ ಕ್ರೀಮನ್ನು ತೆಳುವಾಗಿ ಹಚ್ಚಿದರಾಯಿತು. ಹಚ್ಚಿದ ಮೇಲೆ ಉರಿ ಹೆಚ್ಚಾದರೆ ತೊಳೆದು ನಿಲ್ಲಿಸಿ. ಗುಳ್ಳೆಯನ್ನು ಒಡೆಯಬೇಡಿ. ಗಾಯ ಸುಟ್ಟುಕೊಂಡವರ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲುಗಳ ಮೇಲಿದ್ದರೆ, ಚರ್ಮ ಬಿಳಿಚಿ ನೋವೇ ಗೊತ್ತಾಗದಿದ್ದರೆ, ಕರೆಂಟ್ ಅಥವಾ ಆಸಿಡ್‌ನಿಂದ ಆಗಿದ್ದರೆ ಈ ಉಪಾಯ ನಡೆಯುವುದಿಲ್ಲ, ತಣ್ಣೀರು ಹಿಡಿದ ಮೇಲೆ ಮುಲಾಮು ಹಚ್ಚದೆ ನೇರ ಆಸ್ಪತ್ರೆಗೆ ಹೋಗಿ.