ಬೆಂಗಳೂರಿಂದ ಮಿನಿಯಾಪೊಲಿಸ್: ಒಬ್ಬ ಸಿಗರೇಟುಗಾರನ ಲೆಕ್ಕ

ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಬೆಂಗಳೂರಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಷಿಕಾಗೋ, ಆಮೇಲೆ ಅವಳೂರು. ನನಗೆ ದಿನಕ್ಕೆ ಹತ್ತು ಸಿಗರೇಟಿನ ಚಟ. ಬಿಡಬೇಕು, ಗೊತ್ತು. ಬಿಡೋವರೆಗೂ ಮಗಳನ್ನು ನೋಡದೆ ಇರೋಕಾಗಲ್ಲ ಅಲ್ವಾ?

ಮೊದಲ ಸಲ ಮನೆ ಬಿಟ್ಟಾಗ ಜೇಬಲ್ಲಿ ಭಾವ ಕೊಟ್ಟಿದ್ದ ಸ್ಟೀಲ್ ಲೈಟರ್ ಇತ್ತು. ಸೆಕ್ಯೂರಿಟಿಯಲ್ಲಿ ಅದು ಡಬ್ಬಿಗೆ ಬಿತ್ತು. ನಮ್ಮ ದೇಶದಲ್ಲಿ ಲೈಟರ್, ಬೆಂಕಿಪೊಟ್ಟಣ ಎರಡೂ ಕೈಚೀಲದಲ್ಲೂ ಬೇಡ, ಚೆಕ್-ಇನ್ ಬ್ಯಾಗಿನಲ್ಲೂ ಬೇಡ. ಇನ್ನೊಂದು ವಿಷಯವೂ ಆವತ್ತೇ ಗೊತ್ತಾಯ್ತು. ಟಿಕೆಟ್ ತೋರಿಸಿ ಟರ್ಮಿನಲ್ ಒಳಗೆ ಬಂದಮೇಲೆ, ಒಂದು ದಮ್ಮು ಎಳೆದು ಬರ್ತೀನಿ ಅಂತ ಸುಮ್ನೆ ಹೊರಗೆ ಹೋಗೋಕಾಗಲ್ಲ. ಹಾಗಾಗಿ ಈಗ ಬಾಗಿಲಿಗೆ ಹೋಗುವ ಮೊದಲೇ, ಹೊರಗೆ ಸೇದಲು ಗುರುತು ಮಾಡಿದ ಜಾಗ ಎಲ್ಲಿದೆ ಅಂತ ಕೇಳಿಕೊಳ್ಳುತ್ತೇನೆ. ಕಂಡಕಂಡಲ್ಲಿ ಹಚ್ಚಿದರೆ ದಂಡ. ಕರ್ನಾಟಕದಲ್ಲಿ ಮೊದಲು 200 ರೂಪಾಯಿವರೆಗೆ ಇತ್ತು, 2025ರಿಂದ 1000ದವರೆಗೆ ಏರಿದೆ.

ಕಾನೂನಿನ ಪ್ರಕಾರ ವಿಮಾನ ನಿಲ್ದಾಣದೊಳಗೆ ಸ್ಮೋಕಿಂಗ್ ರೂಮ್ ಇಡಬಹುದು, ಇಡಲೇಬೇಕು ಅಂತೇನಿಲ್ಲ. ನಮ್ಮ ದೇಶದ ಒಂದು ನಿಲ್ದಾಣದಲ್ಲಿ ಅಂಥ ರೂಮಿಗೆ ಹೋದೆ. ಗೋಡೆಯಲ್ಲೊಂದು ತೂತು, ಪಕ್ಕದಲ್ಲೊಂದು ಗುಂಡಿ. ಒತ್ತಿದರೆ ಒಳಗಿನ ಸುರುಳಿ ಕೆಂಪಗೆ ಕಾಯುತ್ತದೆ. ಸಿಗರೇಟಿನ ತುದಿ ತೂರಿಸಿ ಕಾದೆ, ಹೊತ್ತಲಿಲ್ಲ. ಪಕ್ಕದಲ್ಲಿದ್ದ ಒಬ್ಬರು ನಕ್ಕರು. "ಬಾಯಲ್ಲಿಟ್ಕೊಂಡು ಬಗ್ಗಿ ಎಳೀಬೇಕು ಸಾರ್." ಗೋಡೆಗೆ ಮುತ್ತು ಕೊಟ್ಟ ಹಾಗೆ ಬಗ್ಗಿ ಎಳೆದೆ, ಹತ್ತಿಕೊಂಡಿತು.

ಆ ರೂಮಿಗೆ ಹೋಗುವಾಗ ಜಾಕೆಟ್ ಬಿಚ್ಚಿ ಹೆಂಡತಿ ಕೈಗೆ ಕೊಡುತ್ತೇನೆ. ಒಳಗೆ ಐದು ನಿಮಿಷ ನಿಂತರೆ ಬಟ್ಟೆಗೆಲ್ಲ ಹತ್ತು ಜನರ ಹೊಗೆ. ವಿಮಾನದಲ್ಲಿ ಪಕ್ಕದ ಸೀಟಿನ ಮಗು ಮೂಗು ಮುಚ್ಚಿಕೊಂಡಿದ್ದು ಇನ್ನೂ ನೆನಪಿದೆ.

ಫ್ರಾಂಕ್‌ಫರ್ಟ್‌ವರೆಗೆ ಹತ್ತು ಗಂಟೆ. ಅದಕ್ಕೆ 2 ಮಿಲಿಗ್ರಾಂನ ನಿಕೋಟಿನ್ ಗಮ್ ಇಟ್ಟುಕೊಂಡಿರುತ್ತೇನೆ. ಮೊದಲ ಸಲ ಬಬಲ್ ಗಮ್ ಥರ ಕಚಕಚ ಅಗಿದು, ಗಂಟಲು ಉರಿದು, ಬಿಕ್ಕಳಿಕೆ ಬಂದು ಒದ್ದಾಡಿದೆ. ಅದನ್ನು ನಿಧಾನಕ್ಕೆ ಅಗಿಯಬೇಕು. ಮೆಣಸಿನಂಥ ಚುರುಕು ಬಂದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಸೇರಿಸಿ ಸುಮ್ಮನಿರಬೇಕು. ಚುರುಕು ಹೋದಮೇಲೆ ಮತ್ತೆ ಅಗಿಯೋದು. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಅದಕ್ಕೆ ಮುಂಚೆ ಕಾಲು ಗಂಟೆ ಕಾಫಿ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹಿಡಿಯಲ್ಲ. ನನಗೆ ಇದೇ ಜಾಸ್ತಿ ಕಷ್ಟ.

ವಿಮಾನದ ಟಾಯ್ಲೆಟ್ ಬಾಗಿಲಲ್ಲಿ ಆಶ್‌ಟ್ರೇ ಕಂಡು ಆಸೆ ಪಡಬೇಡಿ. ಯಾರಾದರೂ ಕದ್ದು ಹಚ್ಚಿದರೆ ತುಂಡನ್ನು ಕಾಗದದ ಬುಟ್ಟಿಗೆ ಎಸೆಯದಿರಲಿ ಅಂತ ಅದನ್ನು ಇಟ್ಟಿರೋದು. 1973ರಲ್ಲಿ ಪ್ಯಾರಿಸ್ ಬಳಿ ವರಿಗ್ ಕಂಪನಿಯ ವಿಮಾನದ ಟಾಯ್ಲೆಟ್‌ನಲ್ಲಿ ಬೆಂಕಿ ಹತ್ತಿ 123 ಜನ ಸತ್ತರು.

ಫ್ರಾಂಕ್‌ಫರ್ಟ್‌ನಲ್ಲಿ ಗಾಜಿನ ಗೂಡುಗಳಿವೆ. ಮೀನಿನ ತೊಟ್ಟಿಯೊಳಗೆ ನಿಂತ ಹಾಗಿರುತ್ತದೆ, ಹೋಗಿಬರುವವರೆಲ್ಲ ನೋಡುತ್ತಾರೆ. ಬೆಂಕಿ ಕೇಳೋಕೆ ಭಾಷೆ ಬೇಕಿಲ್ಲ, ಹೆಬ್ಬೆರಳು ಆಡಿಸಿದರೆ ಸಾಕು.

ಅಮೆರಿಕದಲ್ಲಿ ಅಂಥ ರೂಮುಗಳ ಕಾಲ ಹೆಚ್ಚುಕಡಿಮೆ ಮುಗಿದಿದೆ. ಅಟ್ಲಾಂಟಾ ನಿಲ್ದಾಣ ಕೂಡ ತನ್ನ ರೂಮುಗಳನ್ನು 2020ರ ಜನವರಿಯಲ್ಲಿ ಮುಚ್ಚಿತು. ಆದರೆ ಷಿಕಾಗೋದಲ್ಲಿ ನನಗೊಂದು ದಾರಿ ಸಿಕ್ಕಿತು. ಇಮಿಗ್ರೇಷನ್ ಮುಗಿದ ಮೇಲೆ ಬ್ಯಾಗ್ ತಗೊಂಡು, ಮತ್ತೆ ಒಪ್ಪಿಸಿ, ಮುಂದಿನ ವಿಮಾನಕ್ಕೆ ಹೇಗೂ ಇನ್ನೊಮ್ಮೆ ಸೆಕ್ಯೂರಿಟಿ ದಾಟಬೇಕು. ಹಾಗಿದ್ದಮೇಲೆ ಆ ನಡುವೆ ಹೊರಗೆ ಹೋಗಿ ಸೇದಿ ಬಂದರೆ ಏನೂ ನಷ್ಟವಿಲ್ಲ. ಷಿಕಾಗೋ ಇರುವ ಇಲಿನಾಯ್ ರಾಜ್ಯದ ಕಾನೂನಿನಂತೆ ಬಾಗಿಲಿಂದ 15 ಅಡಿ ದೂರ ನಿಲ್ಲಬೇಕು ಅಷ್ಟೆ. ಮೂರು ಗಂಟೆಗಿಂತ ಕಡಿಮೆ ಬಿಡುವಿರುವ ಟಿಕೆಟ್ ನಾನು ತಗೊಳ್ಳಲ್ಲ.

ಬರುವಾಗ ಅಳಿಯ ಒಂದು ಇ-ಸಿಗರೇಟ್ ಕೊಡಲು ಬಂದ. ವಾಸನೆ ಕಡಿಮೆ ಮಾವ, ಅಂದ. ಬೇಡಪ್ಪಾ ಅಂದೆ. ನಮ್ಮ ದೇಶದಲ್ಲಿ ಇ-ಸಿಗರೇಟ್ ನಿಷೇಧಿಸಿದ 2019ರ ಕಾನೂನಿನಲ್ಲಿ ಹೊರಗಿಂದ ತಂದು ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆದರೂ ಆಗಬಹುದು.

ಬೆಂಗಳೂರಲ್ಲಿ ಇಳಿದು ಹೊರಗೆ ಬಂದಾಗ ಪ್ಯಾಕಿನಲ್ಲಿ ಎರಡು ಉಳಿದಿದ್ದವು, ಲೈಟರ್ ಇರಲಿಲ್ಲ. ಕ್ಯಾಬ್ ಡ್ರೈವರ್ ಹತ್ತಿರ ಕೇಳಿದೆ. ಬೆಂಕಿಪೊಟ್ಟಣ ಕೊಟ್ಟು, "ಗಾಡಿ ಒಳಗೆ ಮಾತ್ರ ಬೇಡ ಸಾರ್" ಅಂದ.