ಮಳೆಯ ಜೋರಿಗೆ ಬೆಳಗುವ ಬೆಟ್ಟದ ಸಾಲು

ಬಿಳಿ ಹಾಳೆಯಲ್ಲಿ ಕತ್ತರಿಸಿದ ಆರು ಸಾಲು ಬೆಟ್ಟ, ಸಾಲಿಗೊಂದು ದೀಪ. ಹೊರಗೆ ತಗಡಿನ ಮೇಲೆ ಹನಿ ಜೋರಾದಷ್ಟೂ ಒಳಗೆ ಹೆಚ್ಚು ಸಾಲು ಬೆಳಗುತ್ತದೆ. ತುಂತುರಿಗೆ ಮುಂದಿನ ಗುಡ್ಡ ಮಾತ್ರ. ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಹಿಂದಿನ, ಜಿಲ್ಲೆಯ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್‌ವರೆಗೂ.

ಬೇಕಾದದ್ದು: ಆರ್ಡುಯಿನೋ ನ್ಯಾನೋ (ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಬೋರ್ಡ್), 27 ಮಿ.ಮೀ. ಪೀಜೋ ಡಿಸ್ಕ್ (ಪೆಟ್ಟು ಬಿದ್ದರೆ ವಿದ್ಯುತ್ತು ಕೊಡುವ ಬಿಲ್ಲೆ), 1 ಮೆಗಾಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್ ಒಂದೊಂದು, 5.1 ವೋಲ್ಟ್ ಝೀನರ್ ಡಯೋಡ್, ಬಿಳಿ ಎಲ್‌ಇಡಿ ಮತ್ತು 220 ಓಮ್ ರೆಸಿಸ್ಟರ್ ಆರಾರು, ಶೀಲ್ಡ್ ಇರುವ ಆಡಿಯೋ ಕೇಬಲ್, ಬಿಸ್ಕತ್ತು ಡಬ್ಬದ ತಗಡಿನ ಮುಚ್ಚಳ.

ಇಡೀ ಕೆಲಸ ನಿಲ್ಲುವುದು ಈ ತಗಡಿನ ಮೇಲೆ. ಡಿಸ್ಕಿನ ಹಿತ್ತಾಳೆ ಬದಿಯನ್ನು ಮುಚ್ಚಳದ ಅಡಿಗೆ, ನಡುಮಧ್ಯೆ, ತೆಳುವಾಗಿ ಎಪಾಕ್ಸಿ ಸವರಿ ಅಂಟಿಸಿ. ಫೋಮ್ ಟೇಪ್ ಬಳಸಿದರೆ ಹನಿಯ ಪೆಟ್ಟನ್ನು ಅದೇ ನುಂಗಿಬಿಡುತ್ತದೆ. ಬೆಳ್ಳಿ ಬದಿಗೆ ಬೆಸುಗೆ ಎರಡು ಸೆಕೆಂಡಿನಲ್ಲಿ ಮುಗಿಯಬೇಕು, ತಡವಾದರೆ ಲೇಪವೇ ಕಿತ್ತು ಬರುತ್ತದೆ. ಬೆಸುಗೆಯ ಮೇಲೂ ಡಿಸ್ಕಿನ ಅಂಚಿಗೂ ಎರಡು ಸಲ ಉಗುರು ಬಣ್ಣ ಹಚ್ಚಿ: ನಮ್ಮ ಮಳೆಗಾಲದ ತೇವ ಕೂತರೆ ವಿದ್ಯುತ್ತು ಅದರ ಮೂಲಕವೇ ಸೋರಿ ರೀಡಿಂಗ್ ಕುಸಿಯುತ್ತದೆ. ತಗಡನ್ನು ಸುಮಾರು 20 ಡಿಗ್ರಿ ವಾಲಿಸಿ, ನಾಲ್ಕು ಮೂಲೆಗೂ ರಬ್ಬರ್ ಕೊಡಿ. ನೀರು ನಿಂತರೆ ಪೆಟ್ಟು ಮಂಕಾಗುತ್ತದೆ. ತೋಟದ ಸಿಲ್ವರ್ ಮರದಡಿ ಬೇಡ, ಬಯಲಲ್ಲೇ ಇಡಿ. ಎಲೆಯಿಂದ ತೊಟ್ಟಿಕ್ಕುವ ದಪ್ಪ ಹನಿ ಮಳೆ ನಿಂತ ಮೇಲೂ ಬೀಳುತ್ತಿರುತ್ತದೆ.

ಆಡಿಯೋ ಕೇಬಲಿನಲ್ಲಿ ಡಿಸ್ಕಿನ ಹಿತ್ತಾಳೆ ಬದಿ ಬೋರ್ಡಿನ ಗ್ರೌಂಡಿಗೆ, ಬೆಳ್ಳಿ ಬದಿ 10 ಕಿಲೋಓಮ್ ಮೂಲಕ ವೋಲ್ಟೇಜ್ ಅಳೆಯುವ ಪಿನ್ ಎ0ಗೆ. ಮೆಗಾಓಮ್ ಡಿಸ್ಕಿಗೆ ಸಮಾನಾಂತರವಾಗಿರಲಿ. ಝೀನರ್ ಎ0 ಮತ್ತು ಗ್ರೌಂಡ್ ನಡುವೆ, ಪಟ್ಟೆಯ ತುದಿ ಎ0 ಕಡೆಗೆ. ಆಲಿಕಲ್ಲಿನ ಹೊಡೆತಕ್ಕೆ ಬೋರ್ಡನ್ನು ಕಾಯುವುದು ಇದೇ. ಎಲ್‌ಇಡಿಗಳು ಒಂದೊಂದು 220 ಓಮ್ ಮೂಲಕ ಬೋರ್ಡಿನ 3, 5, 6, 9, 10, 11ನೇ ಪಿನ್ನಿಗೆ.

ಹಾಳೆಗಳ ನಡುವೆ 2 ಸೆಂ.ಮೀ. ಅಂತರ. ದೀಪವನ್ನು ಅದು ಬೆಳಗಬೇಕಾದ ಹಾಳೆಯ ಮುಂದೆ, ತಳದಲ್ಲಿ ಇಡಿ. ಅದರ ಮುಂದಿನ ಗುಡ್ಡವೇ ದೀಪಕ್ಕೆ ಮರೆ, ಮೊದಲ ದೀಪಕ್ಕೆ ಚೌಕಟ್ಟಿನ ಕೆಳಪಟ್ಟಿ ಮರೆ. ಹಾಳೆಯ ಹಿಂದೆ ಕಪ್ಪು ಕಾಗದ ಅಂಟಿಸದಿದ್ದರೆ ಬೆಳಕು ತೂರಿ ಎಲ್ಲ ಸಾಲೂ ಒಂದಾಗಿ ಕಾಣುತ್ತದೆ. ಎಲ್‌ಇಡಿ ತಲೆಯನ್ನು ಮರಳು ಕಾಗದದಲ್ಲಿ ಉಜ್ಜಿದರೆ ಬೆಳಕು ಚುಕ್ಕೆಯಾಗದೆ ಹರಡುತ್ತದೆ.

ಪ್ರೋಗ್ರಾಮಿನಲ್ಲಿ ಎ0 ಅಂಕಿಯನ್ನು 20 ಮಿಲಿಸೆಕೆಂಡು ಸತತವಾಗಿ ಓದಿ, ಅದರಲ್ಲಿ ಅತಿ ದೊಡ್ಡದನ್ನಷ್ಟೇ ಹಿಡಿಯಿರಿ. 'ಡಿಲೇ' (ಪ್ರೋಗ್ರಾಮನ್ನು ತಡೆದು ನಿಲ್ಲಿಸುವ ಆಜ್ಞೆ) ಹಾಕಿದರೆ ಆ ಹೊತ್ತಿನ ಹನಿಗಳೆಲ್ಲ ತಪ್ಪುತ್ತವೆ. ದೀಪ ಮೆಲ್ಲಗೆ ಆರಿಸಲು 'ಮಿಲಿಸ್' (ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡಾಯಿತು ಎಂಬ) ಲೆಕ್ಕ ಬಳಸಿ. ಯಾವ ಅಂಕಿ ದಾಟಿದರೆ ಯಾವ ಸಾಲು ಬೆಳಗಬೇಕು ಎಂಬ ಮಿತಿಗಳನ್ನು ಸಮ ಅಂತರದಲ್ಲಿ ಇಟ್ಟರೆ ಚಿತ್ರ ಕೆಡುತ್ತದೆ. ಅರ್ಧ ಮಿ.ಮೀ. ತುಂತುರು ಹನಿ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಬಿದ್ದರೆ 5 ಮಿ.ಮೀ. ಹನಿ 9 ಮೀಟರ್ ವೇಗದಲ್ಲಿ ಅಪ್ಪಳಿಸುತ್ತದೆ, ತೂಕವೂ ಸಾವಿರ ಪಟ್ಟು. ಆದ್ದರಿಂದ ದುಪ್ಪಟ್ಟಾಗುತ್ತ ಹೋಗಲಿ: 25, 50, 100, 200, 400, 800. ಮಳೆಯಿಲ್ಲದೆ ಗಾಳಿ ಬೀಸುವಾಗ ಬರುವ ಅಂಕಿ ನೋಡಿ, ಮೊದಲ ಮಿತಿ ಅದರ ಎರಡರಷ್ಟಿರಲಿ. ನಲ್ಲಿಯ ನೀರು ಚಿಮುಕಿಸಿ ಮಿತಿ ನಿಗದಿ ಮಾಡಬೇಡಿ, ಅಷ್ಟು ಕಡಿಮೆ ಎತ್ತರದಿಂದ ಹನಿಗೆ ವೇಗ ಬರುವುದಿಲ್ಲ.

ಪವರ್ ಬ್ಯಾಂಕಿಗೆ ಹಾಕಿದರೆ, ಇಷ್ಟು ಕಡಿಮೆ ಕರೆಂಟಿಗೆ ಕೆಲವು ತಾವಾಗಿಯೇ ಆಫ್ ಆಗುತ್ತವೆ. ಮೊಬೈಲ್ ಚಾರ್ಜರ್ ಮೇಲು, ಆದರೆ ಕಾಫಿ ಹೂ ಅರಳಿಸುವ ಏಪ್ರಿಲ್ ಹೂಮಳೆಗೆ ಗುಡುಗು ಜಾಸ್ತಿ. ಮಿಂಚು ಶುರುವಾಗುವ ಮೊದಲೇ ಚಾರ್ಜರನ್ನೂ ಹೊರಗಿನ ಕೇಬಲನ್ನೂ ಕಳಚಿಡಿ.